ಸಹಾಯ ಬೇಕು: ಮಳೆಗಾಲದಲ್ಲಿ ಮೊಳಕೆ ರಾಗಿ ಒಣಗಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆ. ಶಾಲೆಯಿಂದ ಹಸಿದು ಬರುವ ಮಕ್ಕಳಿಗೆ ಬೇಕರಿ ತಿಂಡಿಯ ಬದಲು ಮೊಳಕೆ ರಾಗಿಹಿಟ್ಟಿನ ಉಂಡೆ ಕೊಡಬೇಕೆಂದು ನನ್ನ ಆಸೆ. ಮೊಳಕೆ ಬಂದ ರಾಗಿಯಲ್ಲಿರುವ ಕಬ್ಬಿಣದ ಅಂಶ ಮೈಗೆ ಹೆಚ್ಚು ಹಿಡಿಯುತ್ತದೆ.

ರಾಗಿಯನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಹತ್ತಿಬಟ್ಟೆಯಲ್ಲಿ ಕಟ್ಟಿಟ್ಟರೆ ದಾರದಂಥ ಬಿಳಿ ಮೊಳಕೆ ಚೆನ್ನಾಗಿಯೇ ಬರುತ್ತದೆ. ತೊಂದರೆ ಇರುವುದು ಆಮೇಲೆ. ಈ ಆಷಾಢದಲ್ಲಿ ಬಿಸಿಲಿನ ಸುಳಿವೇ ಇಲ್ಲ. ಫ್ಯಾನಿನ ಕೆಳಗೆ ಹರಡಿದರೆ ಮೇಲಿನ ಕಾಳು ಒಣಗುತ್ತದೆ, ಅಡಿಯದು ಅಂಟಂಟಾಗಿ ಹುಳಿ ವಾಸನೆ ಹಿಡಿಯುತ್ತದೆ. ಅದನ್ನು ಮಕ್ಕಳಿಗೆ ಕೊಡಲು ಮನಸ್ಸಿಲ್ಲ, ಚೆಲ್ಲಲು ಸಂಕಟ.

ಬಟ್ಟೆಯಿಂದ ತೆಗೆದ ಕೂಡಲೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಒಣಗಿಸಬಹುದೇ? ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆ ವಾಸನೆ ಉಳಿಯುತ್ತದೆಯೇ? ಮೊಳಕೆಯ ತೇವದಲ್ಲಿ ರೋಗಾಣುಗಳೂ ಬೆಳೆಯುವುದರಿಂದ ಹಿಟ್ಟನ್ನು ಘಮ ಬರುವಂತೆ ಹುರಿಯದೆ ನಾನಂತೂ ಬಳಸುವುದಿಲ್ಲ. ಹುರಿದ ಮೇಲೆ ಒಲೆಯ ಕೆಲಸ ಮುಗಿಯಿತು. ಖರ್ಜೂರ, ಹುರಿದ ಕಡಲೆಕಾಯಿ, ಎಳ್ಳು ಅರೆದು ಸೇರಿಸಿ ಕೈಯಲ್ಲೇ ಕಟ್ಟುವುದು.

ಇನ್ನೊಂದು ಪ್ರಶ್ನೆ: ಬೆಲ್ಲ, ತುಪ್ಪ ಹೆಚ್ಚಿಸದೆ ಉಂಡೆ ಪುಡಿಯಾಗದಂತೆ ನಿಲ್ಲಿಸಲು ನೀವು ಏನು ಹಾಕುತ್ತೀರಿ? ಸಕಲೇಶಪುರ, ಕೊಪ್ಪ ಕಡೆಯ ಅಕ್ಕಂದಿರು, ಅಮ್ಮಂದಿರು ಮಳೆಗಾಲದಲ್ಲಿ ಹೇಗೆ ನಿಭಾಯಿಸುತ್ತೀರಿ ಎಂಬುದನ್ನು ದಯವಿಟ್ಟು ಅಳತೆ ಸಹಿತ ತಿಳಿಸಿ.