ಎಲ್‌ಕೆಜಿ ಮೊದಲ ದಿನ: ಮನೆಯಲ್ಲಿ ಏನೇನು ರೂಢಿ ಮಾಡಿಸಬೇಕು?

ಜೂನ್‌ನಲ್ಲಿ ಮಗಳು ಎಲ್‌ಕೆಜಿಗೆ ಹೋಗ್ತಾಳೆ. ಇನ್ನು 2 ವಾರ ಇದೆ. ಯಾವುದರಿಂದ ಶುರು ಮಾಡಲಿ?

ಉತ್ತರ 1:
ಡಬ್ಬಿಯಿಂದ. ಬಿಗಿ ಕ್ಲಿಪ್ ಪುಟ್ಟ ಬೆರಳಿಗೆ ಬಗ್ಗಲ್ಲ, ಮುಚ್ಚಳ ತೆಗೆಯೋಕಾಗದೆ ತಿಂಡಿ ಹಾಗೇ ವಾಪಸ್ ಬರುತ್ತೆ. ಶಾಲೆಗೆ ಕೊಡೋ ಡಬ್ಬಿಯನ್ನೇ ದಿನಾ ಮನೆಯಲ್ಲಿ ತಾನೇ ತೆಗೆದು ತಿನ್ನಲಿ. ತುಪ್ಪ ಸವರಿದ 2 ಇಡ್ಲಿ ತುಂಡು ಮಾಡಿ ಹಾಕಿ. ಚಟ್ನಿ ಬೇಡ, ಚೆಲ್ಲುತ್ತೆ.

ಉತ್ತರ 2:
ಅದಕ್ಕಿಂತ ಮುಖ್ಯ ಟಾಯ್ಲೆಟ್. ಕಮೋಡ್ ಮಾತ್ರ ಗೊತ್ತಿರೋ ಮಕ್ಕಳು ಇಂಡಿಯನ್ ಟಾಯ್ಲೆಟ್ ನೋಡಿ ಹೆದರಿ ತಡೆದುಕೊಳ್ತಾರೆ, ಆಮೇಲೆ ಬಟ್ಟೆ ಒದ್ದೆ. ಕುಕ್ಕರುಗಾಲಲ್ಲಿ ಕೂರೋದು ಈಗಲೇ ಕಲಿಸಿ. ಮನೆಯಲ್ಲಿ ‘ಸುಸ್ಸು’ ಅಂತೀರೋ ‘ಒಂದಾ’ ಅಂತೀರೋ, ಆ ಪದ ಮಿಸ್‌ಗೂ ತಿಳಿಸಿ. ಬ್ಯಾಗಲ್ಲಿ ಹೆಸರು ಬರೆದ ಒಂದು ಜೊತೆ ಬಟ್ಟೆ ಇರಲಿ.

ಉತ್ತರ 3:
ಗೇಟಲ್ಲಿ ಕಣ್ತಪ್ಪಿಸಿ ಹೋಗಬೇಡಿ ಮೇಡಂ, ಮರುದಿನ ಕೈಯೇ ಬಿಡಲ್ಲ. ‘ಊಟದ ಹೊತ್ತಿಗೆ ಬರ್ತೀನಿ’ ಅಂತ ಹೇಳಿ, ಟಾಟಾ ಮಾಡಿ, ಹೊರಡಿ.