ರ‍್ಯಾಮ್ ಅಗ್ಗವಾಯಿತು ಅಂತ ಕೋಡ್ ಹೇಗೆ ಬೇಕಾದರೂ ಬರೆಯಬಹುದಾ?

ಹಳೇತಲೆ: ಒಂದು ಚಾಟ್ ಆ್ಯಪ್ ಸುಮ್ನೆ ತೆರೆದಿಟ್ಟರೆ ಅರ್ಧ ಜಿಬಿ ನುಂಗುತ್ತಿದೆ. 1969ರಲ್ಲಿ ಚಂದ್ರನ ಮೇಲಿಳಿದ ಅಪೊಲೊ ಕಂಪ್ಯೂಟರಿಗಿದ್ದ ರ‍್ಯಾಮ್ 2048 ಪದ (ಇಲ್ಲಿ ಪದ ಅಂದರೆ ಮೆಮೊರಿಯ ಒಂದು ಅಳತೆ), ಅಂದರೆ ಸುಮಾರು 4 ಕೆಬಿ. ಪ್ರೋಗ್ರಾಮರ್‌ಗಳು ಲೆಕ್ಕ ಹಾಕುವುದನ್ನೇ ಬಿಟ್ಟರಾ?

ಸೆಮಿಕೋಲನ್: ಅಪೊಲೊದಿಂದ ಯಾರೂ ಎಮೋಜಿ ಕಳಿಸಲಿಲ್ಲ ಸ್ವಾಮಿ. ಪ್ರೋಗ್ರಾಮರ್ ಸಮಯಕ್ಕಿಂತ ಮೆಮೊರಿ ಅಗ್ಗ. ಅವಸರದ ಆಪ್ಟಿಮೈಸೇಶನ್ನೇ (ವೇಗ, ಮೆಮೊರಿ ಉಳಿಸಲು ಕೋಡ್ ತಿದ್ದುವುದೇ) ಎಲ್ಲ ಕೆಡುಕಿನ ಬೇರು ಅಂತ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1974ರಲ್ಲೇ ಬರೆದಾಯಿತು. ಮುಗಿಯಿತಲ್ಲ?

ಲೂಪಿನೊಳಗೆ: ಎಲ್ಲಿ ಮುಗಿಯಿತು? ನೂರಕ್ಕೆ 97 ಸಲ ಸಣ್ಣಪುಟ್ಟ ಉಳಿತಾಯ ಮರೆತುಬಿಡಿ, ಆದರೆ ಮುಖ್ಯವಾದ ಆ 3ರಲ್ಲಿ ಅವಕಾಶ ಬಿಡಬೇಡಿ ಅಂತ ಅಲ್ಲೇ ಇದೆ. ಅರ್ಧ ಓದಿ ಬಂದಿದ್ದೀರಿ.

ಸೆಮಿಕೋಲನ್: 97 ಅಂತ ನೀವೇ ಒಪ್ಪಿದಿರಿ. ಥ್ಯಾಂಕ್ಸ್.

ಕಡತಪ್ರಿಯ: ಅಷ್ಟಕ್ಕೂ ಆ 'ಕೆಡುಕಿನ ಬೇರು' ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಮಾತು. ಕ್ನೂತ್ ಅವರೇ ಆಮೇಲೆ ಹಾಗೆ ಬರೆದಿದ್ದಾರೆ.

ಲೂಪಿನೊಳಗೆ: ಹೋರ್ ಅವರೇ ತಮ್ಮದಲ್ಲ ಅಂದರಲ್ಲ!

ಕಡತಪ್ರಿಯ: ಅಂದರೆ? ಕ್ನೂತ್ ತಮ್ಮ ಮಾತನ್ನು ಸುಮ್ನೆ ಇನ್ನೊಬ್ಬರ ತಲೆಗೆ ಕಟ್ಟಿದರಾ?

ಲೂಪಿನೊಳಗೆ: ಅಚ್ಚಾಗಿದ್ದು ಕ್ನೂತ್ ಲೇಖನದಲ್ಲಿ. ಅದಕ್ಕೂ ಮುಂಚೆ ಹೋರ್ ಬರೆದ ಒಂದು ಸಾಲು ತೋರಿಸಿ. ಒಂದೇ ಒಂದು.

ಹಳೇತಲೆ: ನಾನು ಕೇಳಿದ್ದು ಚಾಟ್ ಆ್ಯಪ್ ಬಗ್ಗೆ.

ಕಡತಪ್ರಿಯ: ಬರೆದದ್ದು ಮಾತ್ರ ಮಾತಾ? ಬಾಯಲ್ಲಿ ಹೇಳಿರಬಾರದಾ?

ಲೂಪಿನೊಳಗೆ: ನೀವು ಅಲ್ಲೇ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿರಾ?

ನಡುರಾತ್ರಿ: ಯಾರದಾದರೂ ಆಗಲಿ, ಸಾಕು ಮಾಡಿ. ಜಿಟಿಎ ಆನ್‌ಲೈನ್ ಅನ್ನುವ ವಿಡಿಯೋ ಗೇಮ್ ಲೋಡ್ ಆಗಲು ಎಷ್ಟೋ ಜನ ನಿಮಿಷಗಟ್ಟಲೆ ಕಾಯುತ್ತಿದ್ದರು. 2021ರಲ್ಲಿ ಒಬ್ಬ ಆಟಗಾರ ಕಾರಣ ಹುಡುಕಿದ. ಸುಮಾರು 10 ಎಂಬಿಯ ಜೇಸನ್, ಅಂದರೆ ಮಾಹಿತಿ ತುಂಬಿದ ಪಠ್ಯ. ಗೇಮ್ ಅದರ ಒಂದೊಂದು ತುಣುಕು ಓದುವಾಗಲೂ ಉಳಿದ ಪಠ್ಯದ ಉದ್ದವನ್ನು ಮೊದಲಿಂದ ಎಣಿಸುತ್ತಿತ್ತು. ಅದು ಸಾಲದು ಅಂತ ಸುಮಾರು 63,000 ಐಟಂಗಳನ್ನು ಸೇರಿಸುವಾಗ ಪ್ರತಿಸಲವೂ ಹಿಂದಿನದನ್ನೆಲ್ಲ ಒಂದೊಂದಾಗಿ ಹೋಲಿಸುತ್ತಿತ್ತು. ಎರಡನ್ನೂ ಸರಿಪಡಿಸಿದಾಗ ಅವನ ಲೋಡ್ ಸಮಯ ಶೇ 70ರಷ್ಟು ಇಳಿಯಿತು. ಕಂಪನಿ ಅವನಿಗೆ 10,000 ಡಾಲರ್ ಕೊಟ್ಟಿತು. ಅವಸರದ ಆಪ್ಟಿಮೈಸೇಶನ್ನಾ ಇದು?

ಸೆಮಿಕೋಲನ್: "ಕಾಯುತ್ತಿದ್ದರು" ಅಂತ ನೀವೇ ಹೇಳಿದಿರಿ. ಕಾದರು, ಆಡಿದರು, ದುಡ್ಡೂ ಕೊಟ್ಟರು. ಏನು ನಷ್ಟ?

ನಡುರಾತ್ರಿ: ನಾಚಿಕೆ ಅನ್ನುವುದು ಸ್ವಲ್ಪವಾದರೂ ಇರಲಿ. ಪ್ರೊಸೆಸರ್ ಗಡಿಯಾರದ ಓಟ, ಅಂದರೆ ಅದರ ವೇಗದ ಏರಿಕೆ, 2005ರ ಸುಮಾರಿಗೇ ಕುಂಟಿತು. ಹೊಸ ಚಿಪ್ ಬಂದು ನಿಮ್ಮ ಲೂಪ್ ಉಳಿಸುತ್ತದೆ ಅಂತ ಕೂತಿರಿ.

ಸೆಮಿಕೋಲನ್: ಒಂದೇ ಚಿಪ್ಪಿನಲ್ಲಿ ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು, ಜಾಸ್ತಿಯಾದವಲ್ಲ.

ನಡುರಾತ್ರಿ: ಒಂದಾದ ಮೇಲೊಂದರಂತೆ ಸಾಗುವ ಒಂದೇ ಥ್ರೆಡ್ಡಿನ ಕೋಡಿಗೆ 16 ಕೋರ್ ಕೊಟ್ಟರೆ 15 ಕೂತು ಆಕಳಿಸುತ್ತವೆ.

ಸೆಮಿಕೋಲನ್: ಕೋಡ್ ಎಲ್ಲಿ ನಿಧಾನ ಅಂತ ಅಳೆಯುವ ಪ್ರೊಫೈಲರ್ ಓಡಿಸಬೇಡಿ ಅಂದೆನಾ? ಮೊದಲೇ ಬೇಡ ಅಂದೆ.

ಹಳೇತಲೆ: ಹಾಗಾದರೆ ಒಪ್ಪಿದಿರಿ, ಅಲ್ವಾ?

ಸೆಮಿಕೋಲನ್: ಇಲ್ಲ.

ಕಡತಪ್ರಿಯ: ಸಿಕ್ಕಿತು! 1989ರಲ್ಲಿ ಕ್ನೂತ್ ಅದನ್ನು ಹೋರ್ ಮಾತು ಅಂತಲೇ ಕರೆದಿದ್ದಾರೆ. ಲೂಪಿನೊಳಗೆ ಎಲ್ಲಿ ಹೋದರು?

ಲೂಪಿನೊಳಗೆ: ಇಲ್ಲೇ ಇದ್ದೇನೆ. 1974 ಮೊದಲಾ, 1989 ಮೊದಲಾ?