ಮೇದೋಜೀರಕ ಗ್ರಂಥಿಯೇ ಎದೆಗೂಡಿಗೆ ಏರಿದೆ ಎಂದಿದೆ ಸಿಟಿ ವರದಿ

ಪ್ರಶ್ನೆ
ನಮ್ಮ ತಾಯಿಯವರಿಗೆ 76 ವರ್ಷ. ಹಯಾಟಲ್ ಹರ್ನಿಯಾ (ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಯ ಕಂಡಿಯ ಮೂಲಕ ಜಠರ ಎದೆಗೂಡಿಗೆ ಜಾರುವುದು) ಇರುವುದು ಹಿಂದೆಯೇ ತಿಳಿದಿತ್ತು; ಎದೆಯುರಿಗೆ ಮಾತ್ರೆ ನುಂಗುತ್ತ, ಮೂರು ದಿಂಬು ಒರಗಿಸಿಕೊಂಡು ಅರ್ಧ ಕುಳಿತಂತೆಯೇ ಮಲಗುತ್ತಿದ್ದರು. ಕಳೆದ ವಾರ ಎದೆಗುಳಿಯಲ್ಲಿ ಎದ್ದ ನೋವು ಬೆನ್ನಿಗೆ ಹರಿದು ವಾಂತಿ ನಿಲ್ಲದಾದಾಗ, ಹೃದಯಾಘಾತವೆಂದು ಹೆದರಿ ಆಸ್ಪತ್ರೆಗೆ ಕರೆದೊಯ್ದೆವು. ಇಸಿಜಿ, ಹೃದಯದ ಹಾನಿಯನ್ನು ತೋರುವ ಟ್ರೋಪೋನಿನ್ ರಕ್ತಪರೀಕ್ಷೆ ಸರಿಯಾಗಿದ್ದವು. ಮೇದೋಜೀರಕ ಗ್ರಂಥಿಯ ಉರಿಯೂತವನ್ನು ಸೂಚಿಸುವ ಲೈಪೇಸ್ ಮಾತ್ರ ಮಿತಿಯ ಮೂರು ಪಟ್ಟು ಮೀರಿತ್ತು. ಜಠರದ ಜೊತೆಗೆ ಮೇದೋಜೀರಕ ಗ್ರಂಥಿಯ ನಡುಭಾಗ ಮತ್ತು ಬಾಲವೂ ವಪೆಯ ಮೇಲಿವೆ ಎಂದು ಸಿಟಿ ವರದಿ ಹೇಳುತ್ತದೆ. ಪಿತ್ತಕೋಶದಲ್ಲಿ ಕಲ್ಲಿಲ್ಲ, ಮದ್ಯದ ಅಭ್ಯಾಸವಿಲ್ಲ. ಗ್ರಂಥಿಯ ಉರಿಯೂತಕ್ಕೆ ಹರ್ನಿಯಾವೇ ಕಾರಣವಿರಬಹುದೇ?

ಉತ್ತರ 1 (ಶಸ್ತ್ರವೈದ್ಯ)
ಇರಬಹುದು, ಆದರೆ ಕಲ್ಲು, ಮದ್ಯ, ರಕ್ತದಲ್ಲಿ ಹೆಚ್ಚಿದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಅಥವಾ ಕ್ಯಾಲ್ಸಿಯಂ, ಸೇವಿಸುತ್ತಿರುವ ಔಷಧಗಳು ಇವೆಲ್ಲವನ್ನೂ ತಳ್ಳಿಹಾಕಿದ ಮೇಲಷ್ಟೇ ಹಾಗೆನ್ನಬೇಕು. ಹಯಾಟಲ್ ಹರ್ನಿಯಾಗಳಲ್ಲಿ ಸುಮಾರು ಶೇ. 95 ಜಠರದ ಮೇಲ್ತುದಿ ಮಾತ್ರ ಜಾರುವ ಮೊದಲನೇ ಬಗೆಯವು. ಬೇರೆ ಅಂಗಗಳೂ ನುಸುಳಿದರೆ ಅದು ನಾಲ್ಕನೇ ಬಗೆ. ಅಲ್ಲಿಯೂ ಸಾಮಾನ್ಯವಾಗಿ ಕಾಣುವುದು ದೊಡ್ಡ ಕರುಳು ಮತ್ತು ಅದರ ಕೊಬ್ಬಿನ ಮಡಿಕೆ. ಮೇದೋಜೀರಕ ಗ್ರಂಥಿ ಹೊಟ್ಟೆಯ ಹಿಂಗೋಡೆಗೆ ಅಂಟಿಕೊಂಡಿರುವುದರಿಂದ ಸುಲಭವಾಗಿ ಅಲುಗುವುದಿಲ್ಲ. ವಯಸ್ಸಿನೊಂದಿಗೆ ಆ ಹಿಡಿತ ಸಡಿಲಗೊಂಡು, ವಪೆಯ ಕಂಡಿಯೂ ಅಗಲವಾದಾಗ, ಮೇಲೇರುವ ಜಠರವು ಅದನ್ನು ತನ್ನೊಡನೆ ಎಳೆದೊಯ್ಯುತ್ತದೆ. ಹಾಗೆ ಏರಿದ ಗ್ರಂಥಿ ಯಾವ ತೊಂದರೆಯನ್ನೂ ಕೊಡದೆ ಇದ್ದುಬಿಡುವುದೂ ಉಂಟು. ಆದರೆ ಕಂಡಿಯ ಅಂಚಿನಲ್ಲಿ ಗ್ರಂಥಿಯ ನಾಳ ಮಡಚಿ ರಸ ಕಟ್ಟಿಕೊಂಡರೆ, ಅಥವಾ ರಕ್ತನಾಳಗಳು ಸೆಳೆತಕ್ಕೆ ಸಿಕ್ಕಿ ರಕ್ತ ಕಡಿಮೆಯಾದರೆ, ಉರಿಯೂತ ಹುಟ್ಟಬಹುದು. ಸಿಟಿ ಚಿತ್ರದಲ್ಲಿ ಊತ ಆ ಕಂಡಿಯ ಆಸುಪಾಸಿನಲ್ಲೇ ಇದೆಯೇ ಎಂದು ರೇಡಿಯಾಲಜಿಸ್ಟರನ್ನು ಕೇಳಿರಿ. ನನ್ನ ಮಟ್ಟಿಗೆ ವರದಿಯ ಉಳಿದ ಸಾಲುಗಳಿಗಿಂತ ಅದೇ ಮುಖ್ಯ.

ಉತ್ತರ 2
ನಮ್ಮ ತಂದೆಯವರಿಗೆ ಇದೇ ಹರ್ನಿಯಾ ಕಾಮಾಲೆಯ ರೂಪದಲ್ಲಿ ಬಂತು. ಕಣ್ಣು ಹಳದಿಯಾದಾಗ ಎಲ್ಲರೂ ಕಲ್ಲನ್ನೇ ಶಂಕಿಸಿದ್ದರು. ಎಂಆರ್‌ಸಿಪಿ (ಪಿತ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಮಾಡಿಸಿದಾಗ ಕಲ್ಲಿನ ಸುಳಿವೇ ಇರಲಿಲ್ಲ. ಗ್ರಂಥಿಯೊಂದಿಗೆ ಪಿತ್ತನಾಳವೂ ಮೇಲಕ್ಕೆ ಸೆಳೆದು, ಎಳೆದ ದಾರದಂತೆ ನೀಳವಾಗಿ ಕಾಣುತ್ತಿತ್ತು. ಲ್ಯಾಪರೋಸ್ಕೋಪಿಯಲ್ಲಿ ಅಂಗಗಳನ್ನು ಕೆಳಗಿಳಿಸಿ ಕಂಡಿಯನ್ನು ಹೊಲಿದ ಮೇಲೆ ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ತಾನಾಗಿ ಇಳಿಯಿತು.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಈಗ ಡ್ರಿಪ್ ಮತ್ತು ನೋವಿನ ಔಷಧದಲ್ಲೇ ನೋವು ಇಳಿದಿದೆ. ಹಾಗಿದ್ದರೂ ಶಸ್ತ್ರಚಿಕಿತ್ಸೆ ಬೇಕೇ?

ಉತ್ತರ 1 (ಶಸ್ತ್ರವೈದ್ಯ)
ಉರಿಯೂತ ಪೂರ್ತಿ ಶಮನವಾಗುವವರೆಗೆ ಸಾಮಾನ್ಯವಾಗಿ ಕಾಯುತ್ತೇವೆ. ಆಮೇಲೆ ಹೃದಯ, ಶ್ವಾಸಕೋಶಗಳು ಅರಿವಳಿಕೆಯನ್ನು ತಾಳುತ್ತವೆಯೇ ಎಂದು ನೋಡಿ ನಿರ್ಧರಿಸಬೇಕು; ತಾಳುವಂತಿದ್ದರೆ ಸರಿಪಡಿಸುವುದೇ ಲೇಸು, ಏಕೆಂದರೆ ಕಾರಣ ಅಲ್ಲಿಯೇ ಉಳಿದರೆ ನೋವು ಮರುಕಳಿಸಬಹುದು. ಆವರೆಗೆ ಒಂದನ್ನು ಗಮನಿಸಿ: ಓಕರಿಕೆ ಮೇಲಿಂದ ಮೇಲೆ ಬಂದೂ ಏನೂ ಹೊರಬಾರದೆ, ಹೊಟ್ಟೆಯ ಮೇಲ್ಭಾಗ ಬಿಗಿದು ನೋಯುತ್ತಿದ್ದರೆ, ಜಠರ ತಿರುಚಿಕೊಂಡಿರುವ ಸಂಭವವಿದೆ. ಆಗ ಬೆಳಗಾಗುವವರೆಗೆ ಕಾಯಬೇಡಿ.